ಆಕ್ಸಲ್ಲಿಗೆ ಸುತ್ತಿದ ನಿಂಬೆಹಣ್ಣು

ಎಲ್ಲಕ್ಕೂ ತಾರೀಖು ಹಾಕುವುದು ನನ್ನ ಚಟ. ಉಪ್ಪಿನಕಾಯಿ ಬಾಟಲಿಯ ಮುಚ್ಚಳಕ್ಕೆ, ಹಲ್ಲುಜ್ಜುವ ಬ್ರಷ್ಷಿನ ಹಿಡಿಗೆ, ಮೊದಲ ಹಿಮಕ್ಕೆ, ಯಾರ ಮೇಲಾದರೂ ಸಿಟ್ಟು ಬಂದರೆ ಆ ಸಿಟ್ಟಿಗೂ. ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಕೆಲಸ ನನ್ನದು. ಬರೆದಿಡದ ಕೆಲಸ ನಡೆದೇ ಇಲ್ಲ ಎಂಬುದು ಅಲ್ಲಿಯ ನ್ಯಾಯ. ಆ ನ್ಯಾಯ ನನ್ನ ಹಿಂದೆಯೇ ಮನೆಗೂ ಬಂದುಬಿಟ್ಟಿದೆ. ನನ್ನ ದಿನಚರಿಯಲ್ಲಿ ನಮ್ಮ ಹಳೆಯ ಕಾರಿಗೂ ಪುಟಗಳಿವೆ. ಪೆಟ್ರೋಲು ಹಾಕಿಸಿದ್ದು, ಚಳಿಗಾಲದ ಟೈರು ಏರಿಸಿದ್ದು, ಎಷ್ಟು ಮೀಲ್ ಓಡಿತೆನ್ನುವುದು. ಇಲ್ಲಿಯವರ ಒಂದು ಮೀಲ್ ಎಂದರೆ ಹತ್ತು ಕಿಲೋಮೀಟರು. ಅಂಕಿ ಚಿಕ್ಕದಾದರೆ ದೂರವೂ ಚಿಕ್ಕದೆನಿಸುತ್ತದೆ, ಜಾಣ ಜನ. ಆದರೆ ಎಂಜಿನ್ನಿನ ಬಲ ಚಕ್ರದವರೆಗೆ ಹೇಗೆ ಹೋಗಿ ಮುಟ್ಟುತ್ತದೆ ಎಂಬ ಪ್ರಶ್ನೆ ಆ ಪುಟಗಳಲ್ಲಿ ಒಮ್ಮೆಯೂ ಎದ್ದಿರಲಿಲ್ಲ. ಉಣ್ಣುವವರಿಗೆ ಮೊಣಕೈಯ ನೆನಪು ಬರುವುದುಂಟೇ?

ನಾನಿರುವುದು ಅಣ್ಣ ಅತ್ತಿಗೆಯ ಜೊತೆ. ಕಾರು ಅಣ್ಣನ ಹೆಸರಿನಲ್ಲಿದ್ದರೂ ಓಡಿಸುವವರು ಅತ್ತಿಗೆ. ಎರಡು ಚಳಿಗಾಲ ಸ್ವೀಡಿಷ್ ಕಲಿತು, ಊರಾಚೆಯ ಹಳ್ಳಿಯೊಂದರ ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಅವರು ಆಗಷ್ಟೇ ಕೆಲಸ ಹಿಡಿದಿದ್ದರು. ಮೊದಲ ಆರು ತಿಂಗಳು ಪರೀಕ್ಷೆಯ ಕಾಲ. ದಾಟಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮತ್ತೆ ಮನೆ. ಬೆಳಿಗ್ಗೆ ಆರೂವರೆಗೆ ಬೀಗ ತೆಗೆಯುವುದು ಅವರ ಪಾಳಿ. ಆ ಹಳ್ಳಿಗೆ ಮೊದಲ ಬಸ್ಸು ಬರುವ ಹೊತ್ತಿಗೆ ಏಳು ದಾಟಿರುತ್ತದೆ. ಅವರ ಕತ್ತಿನಲ್ಲಿ ತಾಳಿಯ ಜೊತೆಗೆ ದಾಗಿಸ್‌ನ ಬೀಗದಕೈಯೂ ತೂಗುತ್ತಿತ್ತು. ಎರಡರಲ್ಲಿ ಯಾವುದನ್ನು ಹೆಚ್ಚು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದರೆಂದು ನಾನು ಲೆಕ್ಕ ಇಟ್ಟಿಲ್ಲ. ಇಟ್ಟರೆ ಅಣ್ಣನಿಗೆ ಬೇಜಾರಾದೀತು.

ಆಯುಧಪೂಜೆಯ ದಿನ ಅತ್ತಿಗೆ ಕಾರಿಗೆ ಕುಂಕುಮವಿಟ್ಟು, ಮುಂದಿನ ಬಂಪರಿನ ಕೆಳಗೆ ನಿಂಬೆಹಣ್ಣು ಮತ್ತು ಹಸಿಮೆಣಸಿನಕಾಯಿಯ ಸರ ಕಟ್ಟಿದ್ದರು. ದಾರವಾದರೆ ಹಿಮಕ್ಕೆ ಕೊಳೆತುಹೋದೀತೆಂದು ಗಟ್ಟಿ ತಂತಿಯಲ್ಲಿ ಪೋಣಿಸಿದ್ದರು. ಮಂಡ್ಯದಲ್ಲೂ ಬೆಂಗಳೂರಿನಲ್ಲೂ ಯಾರೂ ಇಂಥ ಮುಂದಾಲೋಚನೆ ಮಾಡುವುದಿಲ್ಲ. ಅದಕ್ಕೇ ಅಲ್ಲಿ ನಿಂಬೆಹಣ್ಣು ತಾನಾಗಿ ಕಿತ್ತು ಬಿದ್ದು ಯಾರಿಗೂ ತೊಂದರೆ ಕೊಡುವುದಿಲ್ಲ. ನಮ್ಮದು ಡಿಸೆಂಬರಿನಲ್ಲಿ ಕಾಣೆಯಾಯಿತು. ಬಿದ್ದುಹೋಗಿರಬೇಕೆಂದುಕೊಂಡೆವು.

ಬಿದ್ದಿರಲಿಲ್ಲ. ಫೆಬ್ರವರಿಯಲ್ಲಿ ವಾರ್ಷಿಕ ತಪಾಸಣೆಗೆ ಒಯ್ದಾಗ, ಕಾರನ್ನು ಮೇಲಕ್ಕೆತ್ತಿ ಟಾರ್ಚು ಬಿಟ್ಟು ನೋಡಿದ ತಪಾಸಕ ಬೆಳಕನ್ನು ಒಂದೇ ಕಡೆ ನಿಲ್ಲಿಸಿದ. ಆಮೇಲೆ ನಮ್ಮನ್ನೂ ಕೆಳಗೆ ಕರೆದ. ಎಂಜಿನ್ನಿನಿಂದ ಎಡಚಕ್ರಕ್ಕೆ ಹೋಗುವ ದಂಡಕ್ಕೆ, ಅಂದರೆ ಆಕ್ಸಲ್ಲಿಗೆ, ನಮ್ಮ ತಂತಿ ಬಿಗಿಯಾಗಿ ಸುತ್ತಿಕೊಂಡಿತ್ತು. ತುದಿಯಲ್ಲಿ ಜಾಯಿಕಾಯಿಯಷ್ಟಾಗಿ ಕಪ್ಪಗೆ ಒಣಗಿದ ನಿಂಬೆಹಣ್ಣು. ಚಕ್ರದ ಬಳಿಯ ಕೀಲಿಗೆ ತೊಡಿಸಿದ್ದ ನೆರಿಗೆನೆರಿಗೆಯ ರಬ್ಬರು ಚೀಲವನ್ನು ತಂತಿ ಕೊಯ್ದುಹಾಕಿತ್ತು. ಒಳಗಿನ ಗ್ರೀಸೆಲ್ಲ ಚಕ್ರದ ಹಿಂಬದಿಗೆ ಎರಚಿತ್ತು. ಇದು ಯಾತಕ್ಕೆ ಎಂದು ಆತ ಕೇಳಿದ. ಕಾರಿನ ಸುರಕ್ಷತೆಗೆ ಎಂದರು ಅತ್ತಿಗೆ, ಶುದ್ಧ ಸ್ವೀಡಿಷ್‌ನಲ್ಲಿ. ಆತ ನಗಲಿಲ್ಲ. ನಿಂಬೆಹಣ್ಣು ವಾಹನದ ಮಾಲೀಕರದ್ದೆಂದು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಎರಡೂ ಕೈಯಲ್ಲಿ ಹಿಂದಿರುಗಿಸಿದ. ಆಮೇಲೆ ತಿಳಿಸಿ ಹೇಳಿದ: ತಿಂಗಳೊಳಗೆ ಸರಿಮಾಡಿಸಿ ಮತ್ತೆ ತೋರಿಸಬೇಕು, ಆದರೆ ರಸ್ತೆಯ ಉಪ್ಪು, ಮರಳು ಕೀಲಿನೊಳಗೆ ಹೋದರೆ ಅಷ್ಟು ದಿನ ಅದು ಕಾಯುವುದಿಲ್ಲ. ತಿರುವಿನಲ್ಲಿ ಟಕ್ ಟಕ್ ಎಂದು ಸದ್ದು ಬಂತೆಂದರೆ ಮುಗಿಯಿತು.

ಅಂದಿನಿಂದ ನಮ್ಮ ಕಾರಿನಲ್ಲಿ ತಿರುವು ಬಂದಾಗಲೆಲ್ಲ ಮಾತು ನಿಲ್ಲುತ್ತಿತ್ತು.

ಗ್ಯಾರೇಜಿನಲ್ಲಿ ಎರಡು ವಾರದ ಆಚೆಗೆ ಸಮಯ ಕೊಟ್ಟರು. ಕೆಲಸದ ಮೇಲೆ ದೂರದ ಉತ್ತರದ ಲುಲೆಯೊ ಊರಿಗೆ ಹೋಗಿದ್ದ ಅಣ್ಣ, ತಾನು ಬರುವವರೆಗೆ ಯಾರೂ ಏನೂ ಬಿಚ್ಚಬಾರದೆಂದು ಫೋನಿನಲ್ಲಿ ಅಪ್ಪಣೆ ಮಾಡಿದ. ಅತ್ತಿಗೆ ಫೋನಿಟ್ಟು ನನ್ನ ಕಡೆ ತಿರುಗಿದರು.

"ನಿಮ್ಮಣ್ಣ ಬರೋವರೆಗೂ ಆ ಮಕ್ಕಳು ಬಾಗಿಲಲ್ಲಿ ನಿಂತ್ರೆ ಹಿಮದ ಗೊಂಬೆ ಆಗೋಗ್ತಾರೆ. ಲೈಬ್ರರೀಲಿ ಪುಸ್ತಕ ಇದೆ, ನನಗೆ ಓದಕ್ಕೆ ಬರುತ್ತೆ, ನೀನಿದೀಯ. ಇನ್ನೇನು ಬೇಕು?"

ನಾನು ಮೂರನೆಯ ಉಪಕರಣವೆಂಬುದನ್ನು ಗುರುತು ಹಾಕಿಕೊಂಡೆ.

ಸ್ವೀಡನ್ನಿನಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ನಿಮ್ಮ ಕಾರನ್ನು ನೀವೇ ಬಿಚ್ಚಿ ಹಾಳುಮಾಡಿಕೊಳ್ಳಲು ಗಂಟೆ ಲೆಕ್ಕದಲ್ಲಿ ಜಾಗ, ಎತ್ತುವ ಯಂತ್ರ, ಸ್ಪಾನರುಗಳನ್ನು ಬಾಡಿಗೆಗೆ ಕೊಡುತ್ತಾರೆ. ಭಾನುವಾರ ಅಲ್ಲಿಗೆ ಹೋದೆವು. ಅತ್ತಿಗೆ ಸ್ಟೂಲಿನ ಮೇಲೆ ಕೂತು ರಿಪೇರಿ ಪುಸ್ತಕ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು, ದಾಗಿಸ್ ಮಕ್ಕಳಿಗೆ ಕಥೆ ಹೇಳುವ ರಾಗದಲ್ಲೇ ಸ್ವೀಡಿಷ್ ಓದಿ, ಉಸಿರು ಬಿಡದೆ ಅದನ್ನೇ ಕನ್ನಡದಲ್ಲಿ ನನಗೆ ಹೇಳುತ್ತಿದ್ದರು. ಕಾರನ್ನು ಎತ್ತುವ ಮೊದಲೇ, ಚಕ್ರ ನೆಲದ ಮೇಲಿರುವಾಗಲೇ, ನಡುವಿನ ದೊಡ್ಡ ನಟ್ಟನ್ನು ಸಡಿಲಿಸಬೇಕಂತೆ. ನಾನು ಸ್ಪಾನರಿಗೆ ಜೋತುಬಿದ್ದೆ. ನಟ್ಟು ನನ್ನನ್ನು ಗಮನಿಸಲೇ ಇಲ್ಲ. ಕೊನೆಗೆ ನನ್ನನ್ನು ಒಳಗೆ ಬ್ರೇಕು ತುಳಿಯಲು ಕಳಿಸಿ, ಸ್ಪಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಅತ್ತಿಗೆಯೇ ಅದರ ಮೇಲೆ ಹತ್ತಿ ನಿಂತರು. ಬಂದೂಕು ಹಾರಿದಂತೆ ಸದ್ದಾಗಿ ನಟ್ಟು ಸಡಿಲಿತು. ಇಷ್ಟು ವರ್ಷ ತೂಕ ಇಳಿಸು ಎಂದವರಿಗೆಲ್ಲ ಅವರು ಅಂದೇ ಉತ್ತರ ಕೊಟ್ಟಿದ್ದು.

ಆಕ್ಸಲ್ಲನ್ನು ಹೊರಗೆಳೆದು, ಸುತ್ತಿಗೆಯಿಂದ ತಟ್ಟಿ ಕೀಲನ್ನು ಬಿಡಿಸಿ, ಕಪ್ಪು ಗ್ರೀಸನ್ನು ಕಾಗದದಲ್ಲಿ ಒರೆಸುತ್ತಾ ಹೋದಾಗ, ನನ್ನ ಅಂಗೈಯಲ್ಲಿ ಅದು ಬೆಳಗತೊಡಗಿತು. ಒಂದು ಉಕ್ಕಿನ ಬಟ್ಟಲು, ಒಳಗೊಂದು ನಕ್ಷತ್ರ, ಎರಡರ ನಡುವೆ ಒಂದು ಬಳೆಯ ಕಿಂಡಿಗಳಲ್ಲಿ ಕೂತ ಆರು ಗುಂಡುಗಳು. ಅಷ್ಟೇ. ನಾನು ಅದನ್ನು ಅತ್ತಿತ್ತ ಬಾಗಿಸಿ ನೋಡತೊಡಗಿದೆ.

ಯೋಚಿಸಿ ನೋಡಿ. ಎತ್ತಿನ ಬಂಡಿಯಲ್ಲಿ ಚಕ್ರ ಉರುಳಿದರೆ ಸಾಕು. ಎಳೆಯುವುದು, ದಾರಿ ತಿರುಗಿಸುವುದು ಎತ್ತಿನ ಪಾಲು. ಆದರೂ ನಮ್ಮ ಹಿರಿಯರು ಅಚ್ಚಿಗೆ ಹಚ್ಚಲೆಂದು ಬಿದಿರ ನಳಿಗೆಯಲ್ಲಿ ಕೀಲೆಣ್ಣೆ ತುಂಬಿ ಬಂಡಿಗೇ ಕಟ್ಟಿಕೊಂಡು ಹೋಗುತ್ತಿದ್ದರು. ಯುದ್ಧದ ನಡುವೆ ರಥದ ಚಕ್ರ ಹಿಡಿದಿಡುವ ಕಡಾಣಿ ಕಳಚಿದಾಗ ಅಲ್ಲಿ ಬೆರಳಿಟ್ಟು ಗಂಡನನ್ನು ಉಳಿಸಿಕೊಂಡ ರಾಣಿಯ ಕಥೆಯನ್ನು ನಾವೆಲ್ಲ ಅಜ್ಜಿಯರಿಂದ ಕೇಳಿದ್ದೇವೆ. ಈ ಕಾರಿನ ಮುಂದಿನ ಚಕ್ರಕ್ಕಂತೂ ಮೂರು ಕೆಲಸ. ಎಳೆಯಬೇಕು, ತಿರುಗಬೇಕು, ಹಳ್ಳದಿಣ್ಣೆಗೆ ಕುಣಿಯಬೇಕು. ಅತ್ತ ಎಂಜಿನ್ನು ಒಂದೇ ಸಮ ಸುತ್ತುತ್ತಿದೆ, ಇತ್ತ ಚಕ್ರ ಓರೆಯಾಗಿ ನಿಂತಿದೆ. ನಡುವಿನ ಆ ಬಾಗನ್ನು ಸುತ್ತು ದಾಟುವುದು ಹೇಗೆ? ಕೀಲನ್ನು ನಾನು ಎತ್ತ ಬಾಗಿಸಿದರೂ ಆ ಆರು ಗುಂಡುಗಳು ಸರಿದು, ಬಾಗಿದ ಕೋನದ ಸರಿಯಾಗಿ ಅರ್ಧಕ್ಕೆ ಹೋಗಿ ನಿಲ್ಲುತ್ತಿದ್ದವು. ಈ ಕಡೆಗೂ ವಾಲದೆ, ಆ ಕಡೆಗೂ ವಾಲದೆ. ಅದರಿಂದಲೇ ಒಂದು ಬದಿಯ ವೇಗ ಇನ್ನೊಂದು ಬದಿಗೆ ಕೂದಲೆಳೆಯಷ್ಟೂ ಕುಂದದೆ ಹೋಗುತ್ತದೆ. ಇದೆಲ್ಲ ಹಿಮದಲ್ಲಿ, ಕತ್ತಲಲ್ಲಿ, ಒಂದು ಹಿಡಿ ಗ್ರೀಸು ನಂಬಿಕೊಂಡು, ಅತ್ತಿಗೆಯ ಕಾಲ ಕೆಳಗೇ ದಿನಾ ನಡೆದಿತ್ತು. ಸ್ಟೂಲಿನ ಮೇಲೆ ಎರಡು ಭಾಷೆಗಳ ನಡುವೆ ತಡವರಿಸದೆ ಕೂತಿದ್ದವರ ಕಡೆ ಒಮ್ಮೆ ನೋಡಿದೆ. ನೀವೂ ಇಂಥದೇ ಕೀಲು ಎಂದಿದ್ದರೆ ಕೆಲಸ ನೋಡು ಎನ್ನುತ್ತಿದ್ದರು.

ಗುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಒಂದರ ಮೇಲೂ ಗೀರಿರಲಿಲ್ಲ. ಕೈಗೆ ಮರಳೂ ಸಿಗಲಿಲ್ಲ. ಹೊಸ ಗ್ರೀಸು ತುಂಬಿ, ಕೀಲನ್ನು ಮತ್ತೆ ದಂಡಕ್ಕೆ ಬಡಿದು ಕೂರಿಸಿ, ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿದೆ. ಅತ್ತಿಗೆ ಮೇಜಿನ ಮೇಲಿಂದ ಹೊಸ ರಬ್ಬರು ಚೀಲ ಎತ್ತಿ ಹಿಡಿದರು.

"ಭಾರತೀ, ಇದನ್ನ ಯಾವಾಗ ಹಾಕೋದು?"

ಮೊದಲು ಹಾಕಬೇಕಿತ್ತು. ಎಲ್ಲವನ್ನೂ ಮತ್ತೆ ಬಿಚ್ಚಿದೆವು. ಬಳೆಗಾರರು ಸೋಪು ಹಚ್ಚಿ ಕೈ ಒತ್ತಿ ಬಳೆ ಏರಿಸುವಂತೆ ಅತ್ತಿಗೆ ಆ ಚೀಲದ ಸಣ್ಣ ಬಾಯನ್ನು ದಂಡಕ್ಕೆ ಏರಿಸಿದರು. ನೆರಿಗೆಯ ಆ ರಬ್ಬರು ಎಷ್ಟು ಬಡಪಾಯಿಯಂತೆ ಕಾಣುತ್ತದೆ! ಆದರೆ ಕೊಳೆಯನ್ನೆಲ್ಲ ತನ್ನ ಮೇಲೆ ತೆಗೆದುಕೊಂಡು ಒಳಗಿನದನ್ನು ಕಾಯುವುದು ಅದೇ. ಕಾರಿಗೆ ನಿಜವಾಗಿ ದೃಷ್ಟಿ ತೆಗೆಯುವುದು ಅದು, ನಿಂಬೆಹಣ್ಣಲ್ಲ ಎಂದು ಮನೆಗೆ ಬರುವಾಗ ಹೇಳಿಯೇಬಿಟ್ಟೆ.

"ಅದು ಇಂಜಿನ್ನಿಗೇ ತಾಗಬೇಕಿದ್ದ ದೃಷ್ಟಿ ಕಣೇ. ನಿಂಬೆಹಣ್ಣು ಅಡ್ಡ ಬಂತು, ರಬ್ಬರಿಗೆ ಹೋಯ್ತು ಅಷ್ಟೇ," ಎಂದರು ಅತ್ತಿಗೆ. "ಮುಂದಿನ ಸಲ ದಾರದಲ್ಲೇ ಕಟ್ತೀನಿ ಬಿಡು."



ಮರುತಪಾಸಣೆಗೆ ಇನ್ನೂ ದಿನಗಳಿದ್ದವು. ನಮಗೆ ಪರೀಕ್ಷೆ ಸೋಮವಾರ ಬೆಳಿಗ್ಗೆ. ಅತ್ತಿಗೆ ಗಾಜಿನ ಮೇಲಿನ ಮಂಜುಗಡ್ಡೆ ಕೆರೆದು, ಬೀಗದಕೈ ಮುಟ್ಟಿ ನೋಡಿಕೊಂಡು ಹೊರಟರು. ನಮ್ಮ ಅಂಗಳ ದಾಟಲು ಕಸ ಹಾಕುವ ಕೊಠಡಿಯ ಪಕ್ಕದಲ್ಲಿ ಸ್ಟಿಯರಿಂಗನ್ನು ಪೂರಾ ಎಡಕ್ಕೆ ತಿರುಗಿಸಬೇಕು. ಸದ್ದು ಬರುವುದಿದ್ದರೆ ಅಲ್ಲಿಯೇ. ನಾನು ಅಡುಗೆಮನೆಯ ಕಿಟಕಿ ತೆರೆದೆ. ಅಂಥ ಚಳಿಯಲ್ಲೂ ಅವರು ಕಾರಿನ ಗಾಜು ಇಳಿಸಿದ್ದು ಕಂಡಿತು. ಚಕ್ರ ಓರೆಯಾಯಿತು. ಚಳಿಗಾಲದ ಟೈರಿನ ಮೊಳೆಗಳು ಹಿಮವನ್ನು ಕಚ್ಚುವ ಸಣ್ಣ ಸದ್ದು, ಅಷ್ಟೇ. ಕಾರು ತಿರುಗಿ ರಸ್ತೆಗೆ ಸೇರಿತು. ಕಿಟಕಿಯಿಂದ ಗವಸು ಹಾಕಿದ ಕೈಯೊಂದು ಹೊರಬಂದು, ಮಣಿಕಟ್ಟಿನಿಂದ ಮಾತ್ರ ತಿರುಗಿ, ಟಾಟಾ ಮಾಡಿತು.

ನನ್ನ ಮಣಿಕಟ್ಟನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, ದಿನಚರಿ ತೆಗೆದೆ. ತಾರೀಖು ಹಾಕಿ ಬರೆದೆ: ಎಡ ತಿರುವು. ಸದ್ದಿಲ್ಲ.