ಖಾಲಿ ಬಂದ ತಟ್ಟೆ

ಮೊನ್ನೆ ಕ್ರಿಸ್‌ಮಸ್ಸಿನ ಮಧ್ಯಾಹ್ನ ಎದುರು ಮನೆಗೆ ಹೊಸದಾಗಿ ಬಂದವರು ಒಂದು ತಟ್ಟೆ ಕೊಟ್ಟು ಹೋದರು. ಮೇಲಿನ ಬಟ್ಟೆ ಸರಿಸುವ ಮೊದಲೇ ಹುರಿದ ಎಳ್ಳು, ಏಲಕ್ಕಿಯ ವಾಸನೆ ಮೂಗಿಗೆ ಬಡಿಯಿತು. ಕುಸ್ವಾರ್! ಮಂಗಳೂರು ಕಡೆಯ ಕ್ರೈಸ್ತರು ಹಬ್ಬಕ್ಕೆ ಮಾಡಿ ಹಂಚುವ ತಿಂಡಿಗಳು. ನಡುವೆ ನೆವ್ರಿಗಳಿದ್ದವು, ನಮ್ಮ ಮೈಸೂರಿನ ಕರ್ಜಿಕಾಯಿಯ ತಂಗಿ ಎನ್ನಿ. ನಾನು ತಿಂಡಿಪೋತಿ. ಅದಕ್ಕಿಂತ ದೊಡ್ಡ ಚಟವೆಂದರೆ, ಹೊಸಬರು ಬಂದರೆ ಮನೆಯಲ್ಲಿ ಯಾರ್ಯಾರು ಎಲ್ಲಿ ಕೆಲಸಕ್ಕೆ ಹೋಗುತ್ತಾರೆಂದು ವಿಚಾರಿಸುವುದು. ತಟ್ಟೆ ವಾಪಸ್ ಕೊಡುವ ನೆಪದಲ್ಲಿ ಅದನ್ನೆಲ್ಲ ಕೇಳಿ ಬರೋಣವೆಂದುಕೊಂಡೆ. ಅಷ್ಟರಲ್ಲಿ ನೆವ್ರಿ ಕೈಗೆತ್ತಿಕೊಂಡೆ, ಲಿಲ್ಲಿಬಾಯಿ ನೆನಪಾದರು.

ಎರಡು ಸಾವಿರದ ಇಸವಿಯ ಆಚೀಚೆ ಕುವೈತಿನ ಸಾಲ್ಮಿಯಾದಲ್ಲಿ ನಮ್ಮ ಎದುರು ಫ್ಲಾಟಿನಲ್ಲಿದ್ದವರು ಅವರು. ಗಂಡ ಗ್ರೆಗರಿ ಸುಲೈಬಿಯಾದ ಗೋದಾಮಿನಲ್ಲಿ ಬಿದ್ದು ಬೆನ್ನು ಮುರಿದುಕೊಂಡಿದ್ದರು. ಕಫೀಲ್, ಅಂದರೆ ವೀಸಾ ಕೊಟ್ಟ ಅಲ್ಲಿನ ಮಾಲೀಕ, ಸಂಬಳ ನಿಲ್ಲಿಸಿದ. ಪರಿಹಾರದ ಕೇಸು ನಡೆಯುತ್ತಿತ್ತು. ಊರಿಗೆ ಹೊರಟರೆ ಅದೂ ಕೈಬಿಟ್ಟಂತೆ. ನಮ್ಮ ಕಟ್ಟಡದ ಲಿಫ್ಟು ಬೇಸಿಗೆ ಬಂದರೆ ರಜೆ ಹಾಕುತ್ತಿತ್ತು. ಆಗೆಲ್ಲ ಗ್ರೆಗರಿ ಕಿಟಕಿಯ ಹತ್ತಿರ ಕುಳಿತು ಕೆಳಗಿನ ರಸ್ತೆಯನ್ನು ನೋಡುತ್ತಿದ್ದರು. ಮಗಳು ಶರಲ್ ಹತ್ತನೇ ಕ್ಲಾಸು.

ಅಲ್ಲಿ ನಮ್ಮ ಕನ್ನಡದವರ ಸಂಘವೊಂದಿತ್ತು. ಕೆಲಸ ಕಳೆದುಕೊಂಡ ಕುಟುಂಬಕ್ಕೆ ತಿಂಗಳ ರೇಷನ್ನು, ಮಕ್ಕಳ ಸ್ಕೂಲ್ ಫೀಸು ಕೊಡುತ್ತಿತ್ತು. ಮನೆಯಲ್ಲಿ ಯಾರೂ ದುಡಿಯುತ್ತಿರಬಾರದು ಎಂಬುದೊಂದೇ ನಿಯಮ. ಆದರೆ ಸಂಘ ಬಾಡಿಗೆ ಕೊಡುತ್ತಿರಲಿಲ್ಲವಲ್ಲ. ಅದಕ್ಕೆಂದೇ ಲಿಲ್ಲಿಬಾಯಿ ಬೆಳಗಿನ ಹೊತ್ತು ಸಲ್ವಾದಲ್ಲಿ ಒಬ್ಬರ ಮನೆಗೆ ಪಾರ್ಟ್‌ಟೈಮ್ ಹೋಗುತ್ತಿದ್ದರು. ಆ ಮನೆಯವರು ಆರ್ಡರಿನ ಮೇಲೆ ತಿಂಡಿ ಮಾಡಿಸಿ ಮಾರುತ್ತಿದ್ದರು. ಗಂಡನ ವೀಸಾದಲ್ಲಿದ್ದವರು ದುಡಿಯುವಂತಿರಲಿಲ್ಲ. ಪೊಲೀಸರ ಭಯ ಒಂದು ಕಡೆ, ಸಂಘದ ಭಯ ಇನ್ನೊಂದು ಕಡೆ. ನನಗೆ ಇದೆಲ್ಲ ಹೇಗೆ ಗೊತ್ತೆಂದರೆ, ನಾನು ಕೇಳಿದ್ದೆ. ನಾನು ಕೇಳದೆ ಬಿಡುವವಳೇ?

ಡಿಸೆಂಬರಿನಲ್ಲಿ ಅವರು ಮನೆಯಲ್ಲೇ ಕುಸ್ವಾರ್ ಮಾಡಿದರು. ನಾನು ಮುರಿದ ಚೂರುಗಳನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾ ಪಕ್ಕದಲ್ಲಿದ್ದೆ. ಅವರು ನೆವ್ರಿಯ ಅಂಚನ್ನು ಬೆರಳಿನಿಂದಲೇ ನಿರಿಗೆ ಹಿಡಿದು, ಕೊನೆಗೆ ಜಡೆಯ ಹಾಗೆ ಒಂದು ಗಂಟು ಹಾಕುತ್ತಿದ್ದರು. ಅದು ಅವರ ತಾಯಿಯಿಂದ ಬಂದ ಕೈಚಳಕವಂತೆ.

"ಈ ದೊಡ್ಡ ತಟ್ಟೆ ಯಾರಿಗೆ?" ಎಂದೆ.

"ಸಂಘದ ಅಧ್ಯಕ್ಷರ ಮನೆಗೆ ಅಕ್ಕ. ಇಷ್ಟು ದಿನ ಅವರ ಅಕ್ಕಿ ಉಂಡದ್ದು. ಹಬ್ಬಕ್ಕೂ ಕುಸ್ವಾರ್ ಕೊಡದಿದ್ರೆ ಎಂತ ಮನುಷ್ಯರು ನಾವು?"

ಅದೇ ತಪ್ಪಾಯಿತು. ಅಧ್ಯಕ್ಷರ ಹೆಂಡತಿ ಹಬ್ಬಕ್ಕೆಂದು ಸಲ್ವಾದ ಅದೇ ಮನೆಯಿಂದ ಕುಸ್ವಾರ್ ಡಬ್ಬಿಗಟ್ಟಲೆ ತರಿಸಿದ್ದರು. ತಟ್ಟೆಯ ನೆವ್ರಿಯನ್ನು ಡಬ್ಬಿಯ ನೆವ್ರಿಯ ಪಕ್ಕದಲ್ಲಿಟ್ಟು ನೋಡಿದರಂತೆ. ಅದೇ ನಿರಿಗೆ, ಅದೇ ಗಂಟು.

ಮುಂದಿನ ಶುಕ್ರವಾರ ಅಧ್ಯಕ್ಷರು ಇನ್ನೊಬ್ಬರನ್ನು ಕರೆದುಕೊಂಡು ಬಂದರು. ನಾನು ಅಲ್ಲೇ ಇದ್ದೆ. ಚಹಾ ಕುಡಿದರು, ಗ್ರೆಗರಿಯ ಬೆನ್ನಿನ ವಿಚಾರ ಕೇಳಿದರು.

"ಬಾಯಿ, ಸಂಘದ ದುಡ್ಡು ಕೆಲಸ ಇಲ್ಲದವರಿಗಲ್ವಾ? ನೀವು ಸಲ್ವಾದ ಕೆಲಸ ಬಿಡಿ, ಮತ್ತೆ ನೋಡುವ."

"ಬಿಟ್ರೆ ಬಾಡಿಗೆ ಯಾರು ಕೊಡುದು?"

"ಎಂತ ಮಾಡುದು ಮಾರಾಯ್ರೆ, ರೂಲ್ಸ್ ಅಲ್ವಾ!"

ಆ ಮನುಷ್ಯ ಕೆಟ್ಟವರಲ್ಲ. ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯಿತು. ಹೊರಡುವಾಗ ಚೀಲದಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟರು. ತೊಳೆದು ಒರೆಸಿದ ತಟ್ಟೆ, ಖಾಲಿ. ನಮ್ಮ ಕಡೆಯಾಗಲಿ ಅವರ ಕಡೆಯಾಗಲಿ, ತಿಂಡಿ ಬಂದ ತಟ್ಟೆಯನ್ನು ಬರಿದಾಗಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಇರುತ್ತದೆ. ಲಿಲ್ಲಿಬಾಯಿ ಅಷ್ಟು ಹೊತ್ತು ಅಳದೆ ಇದ್ದವರು ಆ ತಟ್ಟೆ ನೋಡಿ ಅತ್ತರು.

ಕೆಲಸ ಬಿಟ್ಟರೆ ಮನೆಯಿಲ್ಲ, ಬಿಡದಿದ್ದರೆ ಮಗಳಿಗೆ ಪರೀಕ್ಷೆಯಿಲ್ಲ. ಫೀಸು ಕಟ್ಟದೆ ಸ್ಕೂಲಿನವರು ಕೂರಿಸುವುದಿಲ್ಲ. ನೀವೇ ಕಟ್ಟಬಹುದಿತ್ತಲ್ಲ ಎನ್ನುತ್ತೀರಿ. ನಾನೂ ನಮ್ಮ ಯಜಮಾನರೂ ಹೋಗಿ ಕೇಳಿದೆವು. "ಬೇಡ ಅಕ್ಕ. ತಿಂದದ್ದಕ್ಕೆ ಲೆಕ್ಕ ಒಪ್ಪಿಸಿ ಸಾಕಾಯ್ತು. ಇನ್ನು ಯಾರದ್ದೂ ಬೇಡ," ಎಂದು ಬಾಗಿಲು ಹಾಕಿಕೊಂಡರು. ಮೊದಲ ಸಲ ನನ್ನ ಮುಖದ ಮೇಲೆ ಹಾಕಿದ್ದು.

ಪರೀಕ್ಷೆ ಶುರುವಾದ ಬೆಳಿಗ್ಗೆ ಶರಲ್ ಅಮ್ಮನ ಜೊತೆ ಸಲ್ವಾಕ್ಕೆ ಹೊರಟಿದ್ದಳು. ರೇಷನ್ನು ನಿಂತ ಮೇಲೆ ಒಬ್ಬರ ದುಡಿಮೆ ಸಾಲುತ್ತಿರಲಿಲ್ಲ. ಮೆಟ್ಟಿಲ ಮೇಲೆ ನನ್ನನ್ನು ನೋಡಿ, "ಇಟ್ಸ್ ಓಕೆ ಆಂಟಿ, ನೆಕ್ಸ್ಟ್ ಇಯರ್," ಎಂದು ನಕ್ಕಳು. ಮುಂದಿನ ವರ್ಷ ಕೇಸೂ ಖಲಾಸ್ ಆಯಿತು, ಗ್ರೆಗರಿ ಸೋತರು. ಆಗಲೂ ಆ ಹುಡುಗಿ ಸಲ್ವಾದ ಅಡುಗೆಮನೆಯಲ್ಲೇ ಇದ್ದಳು. ನೆವ್ರಿಗೆ ಅಮ್ಮನಷ್ಟೇ ಚೆನ್ನಾಗಿ ಗಂಟು ಹಾಕುತ್ತಾಳೆಂದು ಆ ಮನೆಯವರು ಹೊಗಳುತ್ತಿದ್ದರಂತೆ.

ಎದುರು ಮನೆಯ ನೆವ್ರಿ ಚೆನ್ನಾಗಿಯೇ ಇತ್ತು. ಒಂದು ತಿಂದು, ಉಳಿದವನ್ನು ಬೇರೆ ಪಾತ್ರೆಗೆ ಹಾಕಿಟ್ಟೆ. ತಟ್ಟೆ ತೊಳೆದು, ತುಂಬ ಸಕ್ಕರೆ ಸುರಿದು ಕೊಟ್ಟು ಬಂದೆ. ಬಾಗಿಲಲ್ಲಿ ನಿಂತ ಆ ಹೆಂಗಸಿನ ಬೆರಳುಗಳಿಗೆ ಹಿಟ್ಟು ಮೆತ್ತಿತ್ತು, ಒಳಗೆ ಇನ್ನೂ ಎಣ್ಣೆ ಕಾಯುತ್ತಿತ್ತು. ಒಂದು ಮನೆಗೆ ಬೇಕಾಗುವುದಕ್ಕಿಂತ ಹೆಚ್ಚು ಡಬ್ಬಿಗಳು ಗೋಡೆಗೊರಗಿದ್ದವು. ಯಾರಿಗೆ ಇಷ್ಟೆಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು.

ನಾನು ಕೇಳಲಿಲ್ಲ.