ವಸತಿಯೇತರ ಕುಚ್ಚು

ನಿವೃತ್ತಿಯಾದವನು ಏನೇನು ಮಾಡಬೇಕು ಎಂದು ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಬೆಳಿಗ್ಗೆ ವಾಕಿಂಗ್ ಹೋಗಬೇಕು, ರಾತ್ರಿ ಅನ್ನ ಬಿಡಬೇಕು, ಸೊಪ್ಪು ತಿನ್ನಬೇಕು. ಏನು ಮಾಡಬಾರದು ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನ್ನನ್ನು ಕೇಳಿದರೆ ಹೇಳುತ್ತೇನೆ. ಯಾವ ಬಡಾವಣೆಯಲ್ಲಿ ಏನು ನಡೆಸಬಹುದು, ಏನು ನಡೆಸಬಾರದು ಎನ್ನುವ ಸರ್ಕಾರದ ನಿಯಮಗಳನ್ನು ಓದಲು ಕೂರಬಾರದು.

ನಾನು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿದವನು. ಕೆಲಸ ಬಿಟ್ಟರೂ ಕೆಲಸದ ಚಟ ಬಿಡಲಿಲ್ಲ. ಹೋಟೆಲಿಗೆ ಹೋದರೆ ದೋಸೆಗಿಂತ ಮೊದಲು ಮೆನುವಿನ ತಪ್ಪು ಕಣ್ಣಿಗೆ ಬೀಳುತ್ತದೆ. ಕುರುಬರಹಳ್ಳಿಯ ಒಂದು ಬೇಕರಿಯವನಿಗೆ, ಬೋರ್ಡಿನಲ್ಲಿ 'ಶುದ್ದ' ಎಂದು ಬರೆಸಿದ್ದೀಯಲ್ಲಪ್ಪ, ಅದು 'ಶುದ್ಧ' ಎಂದು ನಾಲ್ಕು ಸಲ ಹೇಳಿದೆ. ಐದನೆಯ ಸಲ ನಾನು ಬರುವುದನ್ನು ಕಂಡವನೇ ಬನ್ನು ಖಾಲಿ ಎಂದುಬಿಟ್ಟ. ಬನ್ನು ಗಾಜಿನ ಪೆಟ್ಟಿಗೆಯಲ್ಲಿ ಎದುರಿಗೇ ಇತ್ತು.

ನಮ್ಮ ಮನೆ ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ, ರಸ್ತೆಗೆ ಮೊದಲನೆಯ ಮನೆ. ಮೂವತ್ತು-ನಲವತ್ತರ ಸೈಟು. ಮುಂದೆ ಕಾರಿಗೆಂದು ಕಟ್ಟಿಸಿದ ಗ್ಯಾರೇಜು ಇದೆ. ಕಾರು ಕೊಳ್ಳಲಿಲ್ಲ. ಖಾಲಿ ಬಿದ್ದಿದ್ದ ಆ ಜಾಗದಲ್ಲಿ ನನ್ನ ಹೆಂಡತಿ ಹನ್ನೆರಡು ವರ್ಷದ ಹಿಂದೆ ಚಾಪೆ ಹಾಸಿಕೊಂಡು ಸೀರೆಗೆ ಕುಚ್ಚು ಕಟ್ಟಲು ಕೂತಳು. ಸೆರಗಿನ ಅಂಚಿನಲ್ಲಿ ಬಿಟ್ಟಿರುವ ಎಳೆಗಳನ್ನು ರೇಷ್ಮೆ ದಾರದ ಜೊತೆ ಸೇರಿಸಿ, ಗಂಟು ಹಾಕಿ, ಮಣಿ ಪೋಣಿಸಿ, ಸಾಲಾಗಿ ಇಳಿಬಿಡುವ ಕೆಲಸ. ಮದುವೆಯ ಕಾಲ ಬಂದರೆ ವಿಜಯನಗರದಿಂದ, ಹೊಸಹಳ್ಳಿಯಿಂದ ಹೆಂಗಸರು ಸೀರೆ ಹೊತ್ತು ಬರುತ್ತಾರೆ. ಕಲಿಯಲು ನಾಲ್ಕೈದು ಜನ ದಿನವೂ ಬಂದು ಕೂರುತ್ತಾರೆ. ಎಸ್ಸೆಸ್ಸೆಲ್ಸಿಗೇ ಓದು ಬಿಡಿಸಿದ್ದ ಹೆಂಗಸು ಅವಳು. ಆ ಗ್ಯಾರೇಜಿನಲ್ಲಿ ಅವಳನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಆ ಕೆಲಸಕ್ಕೆ ನನ್ನ ಕೊಡುಗೆ ಎಂದರೆ ಗೇಟಿನ ಬೋರ್ಡಿನಲ್ಲಿ 'ಕುಚು' ಎಂದಿದ್ದದ್ದನ್ನು 'ಕುಚ್ಚು' ಎಂದು ತಿದ್ದಿಸಿದ್ದು. ಆಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ. ಒಳಗಿನ ಕೋಣೆಯಲ್ಲಿ ನನ್ನ ಆರಾಮ ಕುರ್ಚಿ, ನನ್ನ ಪುಸ್ತಕಗಳು, ನನ್ನ ಫ್ಯಾನು.

ಎರಡು ವರ್ಷದ ಹಿಂದೆ ಎದುರು ಮನೆಯ ಕೆಳಭಾಗಕ್ಕೆ ವಿಜಯಪುರದ ಕಡೆಯ ಒಂದು ಸಂಸಾರ ಬಾಡಿಗೆಗೆ ಬಂತು. ಗಂಡ ಎಲ್ಲೋ ಕೆಲಸಕ್ಕೆ ಹೋಗುತ್ತಾನೆ. ಹೆಂಡತಿ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ನಾವು ರೊಟ್ಟಿ ತಟ್ಟುತ್ತೇವೆ, ಅವರು ಬಡಿಯುತ್ತಾರೆ. ಅವರ ಮಾತೇ ಸರಿ ಎಂದು ನನ್ನ ಕಿವಿಗೆ ಬೆಳಿಗ್ಗೆ ಐದೂವರೆಗೇ ಗೊತ್ತಾಗುತ್ತಿತ್ತು. ಪಟಪಟ ಪಟಪಟ ಎಂದು ಶುರುವಾದರೆ ಹತ್ತೂವರೆಯವರೆಗೆ ನಿಲ್ಲದು. ಮಧ್ಯೆ ಡೆಲಿವರಿ ಹುಡುಗರು ಬಂದು ಬೈಕುಗಳನ್ನು ನಮ್ಮ ಗೇಟಿಗೇ ಅಡ್ಡ ನಿಲ್ಲಿಸುವರು. ತೆಗೆಯಪ್ಪಾ ಎಂದರೆ "ಎರಡೇ ನಿಮಿಷ ಅಂಕಲ್" ಎನ್ನುವರು. ಎರಡೇ ನಿಮಿಷದವರು ದಿನಕ್ಕೆ ಇಪ್ಪತ್ತು ಜನ.

ಹೀಗಿರುವಾಗ ಫೋನಿನಲ್ಲಿ ನನಗೆ ಆ ನಿಯಮಗಳು ಸಿಕ್ಕವು. ಜೊತೆಗೆ ಊರಿನ ನಕ್ಷೆ. ವಸತಿ ಪ್ರದೇಶಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ. ನಮ್ಮ ರಸ್ತೆ ಅಪ್ಪಟ ಹಳದಿ. ನನಗೆ ಹಬ್ಬವಾಯಿತು. ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು, ಮೊದಲು ಅದರಲ್ಲಿದ್ದ ಕಾಗುಣಿತದ ತಪ್ಪುಗಳನ್ನೆಲ್ಲ ತಿದ್ದಿದೆ. ಆಮೇಲೆ ವಿಷಯಕ್ಕೆ ಬಂದೆ. ಹಳದಿಯಲ್ಲಿ ಮನುಷ್ಯರು ವಾಸ ಮಾಡಬೇಕು. ರೊಟ್ಟಿ ಮಾಡಿಕೊಂಡು ತಿಂದರೆ ಅದು ವಾಸ. ಮಾರಿದರೆ ಅದು ಅಂಗಡಿ. ಹಾಗಾದರೆ ಎಷ್ಟನೆಯ ರೊಟ್ಟಿಗೆ ಮನೆ ಅಂಗಡಿಯಾಗುತ್ತದೆ? ಗಂಡನಿಗೆ ಬಡಿದ ಆರನ್ನು ಬಿಟ್ಟು ಏಳನೆಯದರಿಂದ ಲೆಕ್ಕವೇ? ನಿಯಮಗಳಲ್ಲಿ ಉತ್ತರ ಸಿಗಲಿಲ್ಲ. ಆದರೆ ನಾನು ಓದಿಕೊಂಡ ಮಟ್ಟಿಗೆ, ರಸ್ತೆ ನಲವತ್ತು ಅಡಿಗಿಂತ ಕಿರಿದಾಗಿದ್ದರೆ ಅಂಗಡಿಗೆ ಜಾಗವೇ ಇಲ್ಲ ಎನ್ನುವುದು ಸಿಕ್ಕಿತು.

ಒಂದು ಭಾನುವಾರ ಮಧ್ಯಾಹ್ನ, ಹೆಂಡತಿ ಮಲಗಿದ್ದಾಗ, ಅವಳ ಡಬ್ಬಿಯಿಂದ ಅಳತೆಯ ಟೇಪು ತೆಗೆದುಕೊಂಡು ರಸ್ತೆ ಅಳೆಯಲು ಹೋದೆ. ಅದು ಹೊಲಿಗೆಯ ಟೇಪು, ಐದಡಿಗೆ ಮುಗಿದುಹೋಗುತ್ತದೆ. ಐದಡಿಗೊಂದು ಸೀಮೆಸುಣ್ಣದ ಗೀಟು ಹಾಕಿ, ಎದ್ದು, ಮತ್ತೆ ಬಗ್ಗಿ ಅಳೆಯುತ್ತಾ ಹೋದೆ. ನಡುರಸ್ತೆಯಲ್ಲಿ ಬಗ್ಗಿದ್ದಾಗ ಒಂದು ಆಟೋ ಬಂದು ನಿಂತಿತು.

"ಏನ್ ಸಾರ್, ರೋಡಿಗೆ ಬ್ಲೌಸ್ ಹೊಲಿಸ್ತಾ ಇದೀರಾ?" ಎಂದ ಆಟೋದವನು.

ನಾನು ಇನ್ನೊಂದು ಗೀಟು ಎಳೆದು ಮುಂದೆ ಅಳೆದೆ. ರಸ್ತೆ ಮೂವತ್ತು ಅಡಿಯೂ ಇರಲಿಲ್ಲ. ಗೆದ್ದೆ ಎಂದುಕೊಂಡು ಒಳಗೆ ಬಂದು ಅರ್ಜಿ ಬರೆಯಲು ಕೂತೆ.

ಬರೆಯಲು ಕೂತ ಮೇಲೆ ದಾಕ್ಷಿಣ್ಯ ಅಡ್ಡ ಬಂತು. ನಮ್ಮ ಕಡೆಯವರಿಗೆ ಇರುವ ದೊಡ್ಡ ಕಾಯಿಲೆ ಇದು. ಎದುರು ಮನೆಯಾಕೆ ಸಂಕ್ರಾಂತಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟಿದ್ದಳು. ನಾನು ಎರಡು ಹೊತ್ತು ತಿಂದಿದ್ದೆ. ಕಂಡಾಗಲೆಲ್ಲ "ಊಟಾತೇನ್ರಿ ಕಾಕಾ" ಎನ್ನುತ್ತಾಳೆ. ಅಂಥವಳ ಮನೆ ನಂಬರು ಬರೆದು, ನಾಳೆ ಅವಳ ಮುಖ ಹೇಗೆ ನೋಡುವುದು? ಅದಕ್ಕೆ ನಂಬರು ಬರೆಯಲಿಲ್ಲ. ರೊಟ್ಟಿ ಎಂದೂ ಬರೆಯಲಿಲ್ಲ. 'ಈ ಅಡ್ಡರಸ್ತೆಯ ಒಂದು ಮನೆಯ ನೆಲಮಹಡಿಯಲ್ಲಿ ವಸತಿಯೇತರ ಚಟುವಟಿಕೆ ನಡೆಯುತ್ತಿದ್ದು, ಹೊರಗಿನವರು ಬಂದು ಹೋಗುತ್ತಿರುವುದರಿಂದ ಶಾಂತಿಗೆ ಭಂಗವಾಗಿದೆ' ಎಂದು ಸಭ್ಯವಾಗಿ ಬರೆದು, ಕೆಳಗೆ 'ನೊಂದ ನಾಗರಿಕ' ಎಂದು ಹಾಕಿದೆ. ಓದಿ ನೋಡಿದಾಗ 'ತೀವ್ರ' ಎಂಬ ಪದ ಬಿಟ್ಟುಹೋಗಿತ್ತು. ಅಭ್ಯಾಸದಂತೆ ಸಾಲಿನ ಕೆಳಗೆ, ಪ್ರೂಫ್ ತಿದ್ದುವವರು ಹಾಕುವ ಬಾಣದ ಮೊನೆಯಂಥ ಗುರುತು ಹಾಕಿ, ಅಂಚಿನಲ್ಲಿ ಕೆಂಪಕ್ಷರದಲ್ಲಿ ಅದನ್ನು ಸೇರಿಸಿದೆ. ವಾರ್ಡ್ ಆಫೀಸಿನ ಪೆಟ್ಟಿಗೆಗೆ ಹಾಕಿ ಬಂದೆ.

ಮೂರು ವಾರದ ಮೇಲೆ, ಹನ್ನೆರಡು ಗಂಟೆಯ ಹೊತ್ತಿಗೆ, ಕಂಕುಳಲ್ಲಿ ಫೈಲು, ಕೈಯಲ್ಲಿ ಹೆಲ್ಮೆಟ್ಟು ಹಿಡಿದ ಒಬ್ಬ ಇನ್‌ಸ್ಪೆಕ್ಟರು ನಮ್ಮ ರಸ್ತೆಗೆ ಬಂದರು. ಆಗ ಎದುರು ಮನೆಯಲ್ಲಿ ಏನಿತ್ತು? ರೊಟ್ಟಿ ಬಡಿದು ಮುಗಿದಿತ್ತು. ಬೈಕುಗಳು ಹೋಗಿದ್ದವು. ಬಾಗಿಲು ಮುಚ್ಚಿತ್ತು, ತಂತಿಯ ಮೇಲೆ ಟವೆಲು ಒಣಗುತ್ತಿತ್ತು. ಅಷ್ಟು ಹಳದಿಯಾದ ಮನೆ ಇಡೀ ಬಸವೇಶ್ವರನಗರದಲ್ಲೇ ಇದ್ದಿರಲಾರದು. ಮೊದಲನೆಯ ಮನೆ ನಮ್ಮದು. ಗೇಟಿಗೆ ಬೋರ್ಡು. ಗ್ಯಾರೇಜಿನ ತುಂಬ ಸೀರೆ ಹರಡಿಕೊಂಡು ಐದು ಜನ ಹೆಂಗಸರು. ಅವರಲ್ಲಿ ಎದುರು ಮನೆಯ ರೊಟ್ಟಿಯಾಕೆಯೂ ಒಬ್ಬಳು. ರೊಟ್ಟಿ ಮುಗಿಸಿ ದಿನವೂ ಕುಚ್ಚು ಕಲಿಯಲು ಬರುತ್ತಾಳೆ ಎಂದು ನನಗೆ ತಿಳಿದದ್ದೇ ಆವತ್ತು.

ಗದ್ದಲ ಕೇಳಿ ನಾನು ಒಳಗಿನಿಂದ ಬಂದೆ. ಇನ್‌ಸ್ಪೆಕ್ಟರು ನನ್ನ ಹೆಂಡತಿಗೆ ಹೇಳುತ್ತಿದ್ದರು: "ಮೇಡಂ, ಕಂಪ್ಲೇಂಟ್ ಬಂದಿದೆ. ನೆಲಮಹಡೀಲಿ ವಸತಿಯೇತರ ಚಟುವಟಿಕೆ, ಹೊರಗಿನವರು ಬಂದು ಹೋಗ್ತಾರೆ ಅಂತ. ನೋಡಿದ್ರೆ ಎಲ್ಲಾ ಸರಿಯಾಗೇ ಬರ್ದಿದಾರೆ."

"ಕುಚ್ಚು ಕಟ್ತಾ ಇದೀವಿ ಸಾರ್. ಇದ್ರಲ್ಲಿ ಏನು ತಪ್ಪು?"

"ಇದು ಗಾಡಿ ನಿಲ್ಸೋ ಜಾಗ. ಇಲ್ಲಿ ಬೇರೆ ಏನೂ ನಡ್ಸೋ ಹಾಗಿಲ್ಲ. ಬೋರ್ಡೂ ಹಾಕೋ ಹಾಗಿಲ್ಲ. ನಿಲ್ಸಬೇಕಾಗುತ್ತೆ."

ನನ್ನ ಹೆಂಡತಿಯ ಕೈಯಲ್ಲಿ ಅರ್ಧ ಹಾಕಿದ ಗಂಟು ಹಾಗೇ ಇತ್ತು. ಯಾರದೋ ಮಗಳ ಧಾರೆ ಸೀರೆ. ಅವಳು ಅದನ್ನು ಬಿಡಲೂ ಇಲ್ಲ, ಬಿಗಿಯಲೂ ಇಲ್ಲ.

ಅಷ್ಟರಲ್ಲಿ ರೊಟ್ಟಿಯಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದಳು. "ಯಾಂವ್ರೀ ಅಂವಾ ಅರ್ಜಿ ಕೊಟ್ಟಾಂವ? ದಿನಾ ಹೆಣ್ಮಕ್ಕಳು ಕುಂತು ನಾಕ್ ಗಂಟ್ ಹಾಕಿದ್ರ ಅವನ ಗಂಟೇನ್ ಹೋತ್ರೀ? ಅವನ ಕೈಗೆ ಹುಳಾ ಬೀಳ್ಲಿ! ಅಲ್ಲೇನ್ರಿ ಕಾಕಾ?"

"ಹೌದಮ್ಮ," ಎಂದೆ. ಬೇರೆ ಏನು ಹೇಳಲಿ? ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ.

"ಆ ಕಾಗದ ಒಂಚೂರು ತೋರಿಸ್ತೀರಾ ಸಾರ್?" ಎಂದಳು ನನ್ನ ಹೆಂಡತಿ.

ಇನ್‌ಸ್ಪೆಕ್ಟರು ಕೊಟ್ಟರು. ಅವಳು ಓದಿದಳು. ಕೆಂಪು ಅಕ್ಷರದ 'ತೀವ್ರ'ದ ಹತ್ತಿರ ಅವಳ ಕಣ್ಣು ನಿಂತಿತು. ಮೂವತ್ತೈದು ವರ್ಷ ಆ ಗುರುತನ್ನು ಕಂಡವಳು ಅವಳು. ದಿನಸಿಯ ಚೀಟಿಯಲ್ಲಿ 'ಮೆಣಸಿನಕಾಯಿ'ಯ ಕಾಗುಣಿತ ತಪ್ಪಿದರೂ ನಾನು ಅದೇ ಗುರುತು ಹಾಕಿ ವಾಪಸು ಕೊಡುತ್ತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಕಾಗದವನ್ನು ಮಡಿಸಿ ವಾಪಸು ಕೊಟ್ಟಳು.

"ಯಾರೋ ಪಾಪ, ಮಾಡಕ್ಕೆ ಕೆಲಸ ಇಲ್ದೋರು ಬರ್ದಿದಾರೆ ಸಾರ್," ಎಂದಳು.

ನಾನೇ ಎಂದು ಬಾಯಿಬಿಡಲು ನನಗೆ ಧೈರ್ಯ ಬರಲಿಲ್ಲ.

ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಒಂದು ಫಾರಂ ತೆಗೆದು ನನ್ನ ಕಡೆ ತಿರುಗಿದರು. "ಯಜಮಾನ್ರೇ, ಇವರೆಲ್ಲ ಸಂಬಳಕ್ಕೆ ಬರೋರಾ?"

"ನನಗೆ ಗೊತ್ತಿಲ್ಲ ಸಾರ್," ಎಂದೆ.

"ನಿಮ್ಮನೇಲಿ ನಡೀತಿರೋದು ನಿಮಗೇ ಗೊತ್ತಿಲ್ವಾ?"

"ಇವರು ಈ ಕಡೆ ಬರಲ್ಲ ಸಾರ್," ಎಂದಳು ಹೆಂಡತಿ. ಮಾತಿನಲ್ಲಿ ಕೋಪವಿರಲಿಲ್ಲ. ಹನ್ನೆರಡು ವರ್ಷದ ಸತ್ಯ ಅದು.

"ನಾವ್ ಕಲ್ಯಾಕ ಬರ್ತೀವ್ರಿ," ಎಂದಳು ರೊಟ್ಟಿಯಾಕೆ. "ಮುಂಜಾನೆ ನಮ್ಮನ್ಯಾಗ ರೊಟ್ಟಿ ಬಡೀತೀನಿ, ಮಧ್ಯಾಹ್ನ ಇಲ್ಲಿ ಬರ್ತೀನಿ. ಅದನ್ನೂ ಬರ್ಕೊಳ್ರಿ ಬೇಕಾದ್ರ."

"ಎಲ್ಲಿ ಬಡೀತೀರಮ್ಮ?"

"ಅಡಿಗಿ ಮನ್ಯಾಗ್ರೀ. ಮತ್ತೆಲ್ಲಿ, ದೇವರ ಮನ್ಯಾಗ ಬಡೀಲೇನು?"

"ಅಡಿಗೆ ಮನೇಲಿ ರೊಟ್ಟಿ ಮಾಡಿದ್ರೆ ನಾನೇನಮ್ಮ ಬರೀಲಿ? ಅಡಿಗೆ ಮನೆ ಅಂತಾನೇ ಬರೀಬೇಕು." ನಾನು ಒಂದು ತಿಂಗಳು ಕೆಂಪು ಪೆನ್ನು ಹಿಡಿದು ಬಿಡಿಸಲಾಗದ ಪ್ರಶ್ನೆಯನ್ನು ಅವರು ನಿಂತಲ್ಲೇ ಮುಗಿಸಿದರು.

ಆಮೇಲೆ ನನ್ನ ಹೆಂಡತಿಗೆ ಬಿಡಿಸಿ ಹೇಳಿದರು. ಮನೆಯವರೇ ಮನೆಯೊಳಗಿನ ಒಂದು ಕೋಣೆಯಲ್ಲಿ ಇಂಥ ಸಣ್ಣ ಕಸುಬು ಮಾಡಿಕೊಂಡರೆ ತೊಂದರೆಯಿಲ್ಲ. ಗ್ಯಾರೇಜು ಮಾತ್ರ ಗ್ಯಾರೇಜಾಗಿರಬೇಕು. "ಒಳಗೆ ಯಾವ್ದಾದ್ರೂ ರೂಮ್ ಖಾಲಿ ಇದ್ಯಾ ಮೇಡಂ? ಇದ್ರೆ ಅದನ್ನ ಬರ್ಕೊಂಡು ಫೈಲ್ ಮುಗಿಸ್ತೀನಿ."

ನಮ್ಮ ಮನೆಯಲ್ಲಿ ಇರುವುದು ಎರಡೇ ಕೋಣೆ. ಒಂದರಲ್ಲಿ ಮಲಗುತ್ತೇವೆ. ಇನ್ನೊಂದು ನನ್ನದು.

ಈಗ ಹೇಳುತ್ತಾಳೆ ಎಂದುಕೊಂಡೆ. ಹೇಳುವ ಹಕ್ಕು ಅವಳಿಗಿತ್ತು. ಕಾಗದ ಯಾರು ಬರೆದರು ಎಂದು ಗೊತ್ತಾದ ಮೇಲಂತೂ ನನ್ನ ಕುರ್ಚಿಯನ್ನು ರಸ್ತೆಗೆ ಎಸೆದಿದ್ದರೂ ನಾನು ತುಟಿಪಿಟಿಕ್ಕೆನ್ನುವಂತಿರಲಿಲ್ಲ. ಅವಳು ಮಡಿಲಲ್ಲಿದ್ದ ಸೀರೆಯನ್ನು ಮಡಿಸತೊಡಗಿದಳು.

"ಇಲ್ಲ ಸಾರ್," ಎಂದಳು. "ಇನ್ನೊಂದು ರೂಮಲ್ಲಿ ಇವರು ಓದ್ತಾರೆ. ಇವರಿಗೆ ಸದ್ದಾದ್ರೆ ಆಗಲ್ಲ. ಬಿಡಿ, ಈ ಸೀರೆಗಳನ್ನ ಮುಗಿಸಿಕೊಟ್ಟು ನಿಲ್ಲಿಸಿಬಿಡ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಕಲಿಯಲು ಬಂದಿದ್ದ ಐದೂ ಜನ ದಾರದ ಉಂಡೆಗಳನ್ನು ಡಬ್ಬಿಗೆ ತುಂಬತೊಡಗಿದ್ದರು.

"ಆ ರೂಮು ಖಾಲಿ ಇದೆ ಸಾರ್," ಎಂದೆ.

"ಯಾವ್ದು?"

"ಅದೇ, ಇನ್ನೊಂದು. ಅಲ್ಲಿ ಯಾರೂ ಏನೂ ಮಾಡ್ತಾ ಇಲ್ಲ. ಬರ್ಕೊಳ್ಳಿ."

ಇನ್‌ಸ್ಪೆಕ್ಟರು ಬರೆದುಕೊಂಡರು, ನಾನು ಸಹಿ ಹಾಕಿದೆ. ಫಾರಂನಲ್ಲಿ 'ಉಪಯೋಗ' ಎಂಬಲ್ಲಿ 'ಉಪಯೊಗ' ಎಂದು ಅಚ್ಚಾಗಿತ್ತು. ಬದುಕಿನಲ್ಲಿ ಮೊದಲ ಸಲ ನಾನು ತಿದ್ದದೆ ಬಿಟ್ಟೆ.

ಅವತ್ತು ಸಂಜೆಯೊಳಗೆ ಬೋರ್ಡು ಇಳಿಯಿತು. ಹೆಂಗಸರೆಲ್ಲ ಸೇರಿ ನನ್ನ ಕೋಣೆಯನ್ನು ಗುಡಿಸಿ, ಚಾಪೆ ಹಾಸಿದರು. ಪುಸ್ತಕದ ಕಪಾಟನ್ನು ಅಲುಗಿಸಲಾಗಲಿಲ್ಲ. ಅದು ಅಲ್ಲೇ ಉಳಿದು, ಅದರ ಬಾಗಿಲ ಹಿಡಿಗಳಿಗೆ ಸೀರೆಗಳು ನೇತುಬಿದ್ದವು. ರೊಟ್ಟಿಯಾಕೆ ನನ್ನ ಆರಾಮ ಕುರ್ಚಿಯನ್ನು ಒಬ್ಬಳೇ ಎತ್ತಿಕೊಂಡು ಗ್ಯಾರೇಜಿನಲ್ಲಿ ತಂದಿಟ್ಟಳು. "ಇಲ್ಲಿ ಗಾಳಿ ಛಲೋ ಬರ್ತದ್ರಿ ಕಾಕಾ," ಎಂದು ಸಮಾಧಾನವನ್ನೂ ಹೇಳಿದಳು. ಎದುರಿಗೆ ಅವಳ ಅಡಿಗೆ ಮನೆಯ ಕಿಟಕಿ. ನಾಳೆ ಬೆಳಿಗ್ಗೆ ಐದೂವರೆಗೆ ಪಟಪಟ ಎಷ್ಟು ಹತ್ತಿರದಿಂದ ಕೇಳಿಸೀತು ಎಂದು ಲೆಕ್ಕ ಹಾಕುತ್ತಾ ಕೂತೆ.

ಎಲ್ಲರೂ ಹೋದ ಮೇಲೆ ಹೆಂಡತಿ ಕಾಫಿ ಲೋಟ ಹಿಡಿದು ಬಂದಳು. ಕಾಗದದ ವಿಷಯ ಎತ್ತುತ್ತಾಳೆ ಎಂದು ಮೈಯೆಲ್ಲ ಕಿವಿಯಾಗಿ ಕಾದೆ. ಲೋಟ ಕೊಡದೆ, ನನ್ನನ್ನು, ಕುರ್ಚಿಯನ್ನು, ಖಾಲಿ ಗ್ಯಾರೇಜನ್ನು ಒಂದು ಸುತ್ತು ನೋಡಿದಳು.

"ರೀ, ಏಳಿ ಮೇಲೆ," ಎಂದಳು. "ಇಲ್ಲಿ ಕೂರೋ ಹಾಗಿಲ್ಲ. ನಿಲ್ಲೋದಕ್ಕೆ ಮಾತ್ರ ಪರ್ಮಿಷನ್ನು. ಯಾರಾದ್ರೂ ನೊಂದ ನಾಗರಿಕರು ಅರ್ಜಿ ಕೊಟ್ಟಾರು."

ನಾನು ಎದ್ದೆ. ಅವಳು ಆ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ನನ್ನ ಕಾಫಿಯನ್ನು ನಿಧಾನವಾಗಿ ಕುಡಿದಳು. ಲೋಟ ಖಾಲಿಯಾಗುವವರೆಗೂ ನಾನು ಪಕ್ಕದಲ್ಲಿ ನಿಂತೇ ಇದ್ದೆ.