ಠಾಣೆಯಲ್ಲಿ ಹೊಲಿಗೆ ಅಕ್ಕೋರು

ಕೊಚ್ಕೋರ್ ಎಂಬ ಬೆಟ್ಟದೂರಿನ ಶಾಲೆಯಲ್ಲಿ ಹೊಲಿಗೆ ಕಲಿಸುವ ಬುರುಲ್‌ಗೆ ಪೊಲೀಸ್ ಠಾಣೆಯಲ್ಲೂ ಒಂದು ಕುರ್ಚಿ ಇತ್ತು. ಮಕ್ಕಳನ್ನು ವಿಚಾರಿಸುವಾಗ ಪಕ್ಕದಲ್ಲಿ ಶಿಕ್ಷಕರೊಬ್ಬರು ಇರಲೇಬೇಕೆಂದು ಕಾನೂನು. ಊರ ತುಂಬ ಶಿಕ್ಷಕರಿದ್ದರೂ ಠಾಣೆಗೆ ಆಕೆಯೇ ಬೇಕು. ಮನೆ ಎದುರಿಗೇ ಇತ್ತು, ಮೇಲಾಗಿ ಆಕೆ ಬಾಯಿ ಬಿಡುವವಳಲ್ಲ. ಬಂದು ಕೂರುತ್ತಿದ್ದಳು, ಕಾಲುಚೀಲ ಹೆಣೆಯುತ್ತಿದ್ದಳು, ಕೊನೆಗೆ ಸಹಿ ಹಾಕಿ ಹೋಗುತ್ತಿದ್ದಳು. ಮಕ್ಕಳಿಗೆ ಇಂಥ ರಕ್ಷಣೆ ಸಿಗುವುದಾದರೆ ಯಾವ ಪೊಲೀಸರು ಬೇಡವೆಂದಾರು?

ಆ ಶನಿವಾರ ಎದುರಿಗೆ ಕೂತಿದ್ದವಳು ಹದಿಮೂರರ ಜಿಪಾರ್. ಅಜ್ಜಿ ಸಾಕಿದ ಹುಡುಗಿ. ದೊಡ್ಡವರ ಮಾತಿಗೆ ಇಲ್ಲ ಅಂದು ಅಭ್ಯಾಸವಿಲ್ಲ. ಅಜ್ಜಿ ಕುರಿಗಳ ಜೊತೆ ಬೆಟ್ಟ ಹತ್ತಿದ್ದಳು. ಅಂಗಡಿಯವನ ಫೋನು ಕಳುವಾಗಿತ್ತು. ಒಪ್ಪಿಕೊಂಡರೆ ಹುಡುಗಿಗೆ ದೂರದ ಸುಧಾರಣಾ ಶಾಲೆಯೇ ಗತಿ.

"ಫೋನು ನೀನೇ ತಗೊಂಡಿದ್ದಲ್ವಾ?" ಅಂದ ತನಿಖಾಧಿಕಾರಿ ಕುಬಾತ್.

"ಹೂಂ ಅಣ್ಣ."

"ಸೇತುವೆ ಹತ್ರ ಮಾರಿದೆ?"

"ಹೂಂ ಅಣ್ಣ."

"ಯಾರಿಗೆ?"

ಜಿಪಾರ್ ಅವನ ಮುಖವನ್ನೇ ನೋಡಿದಳು. "ಯಾರಿಗೆ ಅಂತ ನೀವೇ ಹೇಳಿ ಅಣ್ಣ."

ಬುರುಲ್‌ಳ ಸೂಜಿ ನಿಂತಿತು. ಇದೇ ಕುರ್ಚಿಯಲ್ಲಿ ಕೂತು ಕೇಳಿದ ಎಷ್ಟೋ ಮಕ್ಕಳ 'ಹೂಂ' ನೆನಪಾಯಿತು.

"ಕುಬಾತ್, ನಾನೂ ಒಂದು ಪ್ರಶ್ನೆ ಕೇಳ್ಬಹುದಂತಲ್ಲ, ಕಾನೂನಲ್ಲಿ?"

ಕುಬಾತ್ ಆಕೆಯ ಶಾಲೆಯಲ್ಲೇ ಓದಿದವನು. "ಕೇಳಿ ಅಕ್ಕೋರೇ," ಅಂದ.

ಬುರುಲ್ ಎದ್ದು ನಿಂತಳು. ಕೇಳಿದ್ದು ಹುಡುಗಿಯನ್ನಲ್ಲ. "ಏಳನೇ ಕ್ಲಾಸಲ್ಲಿ ನನ್ನ ಕೋಣೇಗೆ ನುಗ್ಗಿ ಹೊಲಿಗೆ ಮಷೀನಿನ ಚಕ್ರ ಮುರಿದೋನು ನೀನೇ ಅಲ್ವೇನೋ?"

ಕುಬಾತ್ ದಡಕ್ಕನೆ ಎದ್ದ. ಕೈ ತಾನಾಗಿ ಟೋಪಿ ತೆಗೆಯಿತು. "ಹೌದು ಅಕ್ಕೋರೇ. ತಪ್ಪಾಯ್ತು."

"ಮುರಿದಿದ್ದು ನಾನು," ಅಂದಳು ಬುರುಲ್. "ನಿಮ್ಮ ಕ್ಲಾಸು ಅವತ್ತು ಆಲೂಗಡ್ಡೆ ಕೀಳೋಕೆ ಹೋಗಿತ್ತು."

ಬಾಗಿಲ ಬಳಿಯ ಪೇದೆ ಕೆಮ್ಮಿದ. ಕುಬಾತ್ ಕೂತ. ಅವನ ಕಿವಿ ಕೆಂಪಾಗಿತ್ತು. ಬರೆದಿದ್ದ ಹಾಳೆಯನ್ನು ಹರಿದು ಇನ್ನೊಂದು ತೆಗೆದುಕೊಂಡ.

"ಜಿಪಾರ್, ಇಲ್ಲ ಅಂದ್ರೆ ಯಾರೂ ಬೈಯಲ್ಲ. ಫೋನು ತಗೊಂಡಿದ್ಯಾ?"

ಹುಡುಗಿ ಉತ್ತರಕ್ಕಾಗಿ ಅಕ್ಕೋರ ಮುಖ ಹುಡುಕಿದಳು. ಅಲ್ಲಿ ಏನೂ ಸಿಗಬಾರದೆಂದು ಬುರುಲ್ ಗೋಡೆಯ ಕಡೆ ತಿರುಗಿ ನಿಂತಳು.

"ಇಲ್ಲ," ಅಂದಳು ಜಿಪಾರ್. ಮರುಕ್ಷಣವೇ ಹೆದರಿ, "ಇಲ್ಲ ಅಣ್ಣ," ಅಂತ ತಿದ್ದಿಕೊಂಡಳು.

ಕುಬಾತ್ ಅದನ್ನೇ ಬರೆದುಕೊಂಡ.